ಆರನೇ ಸಾಲಿನ ಕೊನೇ ಮನೆ

ಲಾರಿ ಅವರನ್ನು ಇಳಿಸಿದ್ದು ಒಂದು ಗೂಟದ ಹತ್ತಿರ. ಗೂಟಕ್ಕೆ ಬಿಳಿ ಬಣ್ಣದಲ್ಲಿ ಒಂದು ಅಂಕಿ ಬರೆದಿತ್ತು. ಎತ್ತ ನೋಡಿದರೂ ಮರ. ದೊಮಿತಿಲಾ ಕೈಗೂಸನ್ನು ಬೆನ್ನಿಗೆ ಬಿಗಿದುಕೊಂಡು, ಆರು ವರ್ಷದ ಮಗಳು ಗೋದೆಯ ಕೈ ಹಿಡಿದು, "ಮನೆ ಎಲ್ಲಪ್ಪಾ?" ಅಂತ ಡ್ರೈವರನ್ನು ಕೇಳಿದಳು.

"ಇದೇ ತಾಯಿ," ಅಂದ ಅವನು, ಗೂಟ ತೋರಿಸಿ. "ಹದಿಮೂರನೇ ಊರು, ಆರನೇ ಸಾಲು, ಕೊನೇ ಮನೆ. ಬಾಗಿಲು ಹಾಕ್ಕೊಳ್ಳೋದು ಮಾತ್ರ ಮರೀಬೇಡಿ." ತನ್ನ ತಮಾಷೆಗೆ ತಾನೇ ನಕ್ಕು ಲಾರಿ ತಿರುಗಿಸಿಕೊಂಡು ಹೋದ.

ಎರಡು ಗುದ್ದಲಿ, ಒಂದು ಕೊಡಲಿ, ಒಂದು ಮಚ್ಚು, ಒಂದು ಬಕೆಟ್ಟು, ತಲೆಯ ಮೇಲೆ ಕಟ್ಟಿಕೊಳ್ಳಲು ಒಂದು ಪ್ಲಾಸ್ಟಿಕ್ ಹಾಳೆ. ಅಲ್ಲಿಗೆ ಅವರ ಸಂಸಾರ ಶುರುವಾಯಿತು. ಗಂಡ ಸಿಂದಾಯಿಗಾಯ ಮೊದಲ ಮರಕ್ಕೆ ಕೊಡಲಿ ಹಾಕಿದಾಗ ಅದರ ಸದ್ದು ಕಾಡಿನೊಳಗೆ ಹೋಗಿ ಎಷ್ಟೋ ಹೊತ್ತಿನ ಮೇಲೆ ವಾಪಸು ಬಂತು. ದೊಮಿತಿಲಾಗೆ ಅದು ಹಿಡಿಸಲಿಲ್ಲ. ಆ ಕಡೆಯಿಂದ ಯಾರೋ ಉತ್ತರ ಕೊಟ್ಟ ಹಾಗಿತ್ತು.

ಭಯ ಅವಳಿಗೆ ಹೊಸದಲ್ಲ. ಏಳು ವರ್ಷದ ಹಿಂದೆ, ಎಪ್ಪತ್ತೆರಡರ ಮೇ ತಿಂಗಳಲ್ಲಿ, ಬುರುಂಡಿಯ ಅವರ ಗುಡ್ಡದ ಮೇಲೆ ಸೈನಿಕರ ಲಾರಿ ಬಂದು ನಿಂತಿತ್ತು. ಒಬ್ಬನ ಕೈಯಲ್ಲಿ ಪಟ್ಟಿ. ದೊಮಿತಿಲಾಳಂಥ ಹುಟು ಕುಲದವರು, ಅದರಲ್ಲೂ ನಾಲ್ಕಕ್ಷರ ಕಲಿತವರು ಅಂದರೆ ಸಾಕು, ಪಟ್ಟಿಯಲ್ಲಿ ಹೆಸರು. ಮಿಷನ್ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಅವಳ ಅಣ್ಣನ ಹೆಸರನ್ನೂ ಓದಿದರು. ವಿಚಾರಣೆ ಮುಗಿಸಿ ಸಂಜೆಗೆ ಬರ್ತೀನಿ ಅಂದವನು ಕೋಟು ಹಾಕಿಕೊಂಡು ತಾನೇ ಲಾರಿ ಹತ್ತಿದ್ದ. ಲಾರಿ ಹತ್ತಿದವರಲ್ಲಿ ಒಬ್ಬರೂ ತಿರುಗಿ ಬರಲಿಲ್ಲ. ಮೂರನೇ ದಿನ ಗುಡ್ಡಕ್ಕೆ ಗುಡ್ಡವೇ ಖಾಲಿಯಾಯಿತು. ಬಸುರಿ ದೊಮಿತಿಲಾ ಜೊಂಡಿನ ಕೆಸರಿನಲ್ಲಿ ಎದೆಮಟ್ಟ ಮುಳುಗಿ ಕೂತು, ದೋಣಿಯಲ್ಲಿ ಹೊಳೆ ದಾಟಿ, ತಾಂಜಾನಿಯಾದ ದಡ ಮುಟ್ಟಿದಳು. ಗೋದೆ ಹುಟ್ಟಿದ್ದು ಆ ಮೇಲೆ, ಶಿಬಿರದಲ್ಲಿ.

ಆ ಹಳೇ ಶಿಬಿರದಲ್ಲಿ ಏಳು ವರ್ಷ ಕಳೆದಿತ್ತು. ಮರಗೆಣಸು ಹುಲುಸಾಗಿ ಬೆಳೆಯುತ್ತಿತ್ತು, ಬಾಳೆ ಗೊನೆ ಬಿಟ್ಟಿತ್ತು. ಅಷ್ಟರಲ್ಲಿ, ಇಲ್ಲಿ ಜನ ಜಾಸ್ತಿಯಾದರು, ನಿಮಗೆ ಹೊಸ ಜಾಗ ಕೊಟ್ಟಿದೆ ಅಂತ ಆಫೀಸಿನವರು ಹೇಳಿದರು. ಮತ್ತೆ ಲಾರಿ. ಲಾರಿಯ ಹಲಗೆ ತೆಗೆದಾಗ ದೊಮಿತಿಲಾಗೆ ಕಾಲೇ ಏಳಲಿಲ್ಲ. ಗಂಡ ಸೊಂಟಕ್ಕೆ ಕೈ ಕೊಟ್ಟು ಹತ್ತಿಸಬೇಕಾಯಿತು.

ಹೊಸ ಜಾಗದಲ್ಲಿ ಹದಿನೈದು ದಿನಕ್ಕೊಮ್ಮೆ ಜೋಳದ ಹಿಟ್ಟು, ಹುರುಳಿ, ಎಣ್ಣೆ, ಉಪ್ಪು ಬರುತ್ತಿತ್ತು. ಎರಡು ಬೆಳೆ ಕೈಗೆ ಬರುವ ತನಕ ಮಾತ್ರ, ಆಮೇಲೆ ನಿಮ್ಮ ಹೊಟ್ಟೆ ನಿಮ್ಮದು ಅಂದಿದ್ದರು. ಬಾವಿ ಇನ್ನೂ ಅರ್ಧ ತೋಡಿತ್ತು. ನೀರಿಗೆ ಒಂದು ಗಂಟೆ ನಡೆದು ಹಳ್ಳಕ್ಕೆ ಹೋಗಬೇಕು. ಬಟ್ಟೆಯ ಮೇಲಿಂದಲೂ ಕಚ್ಚುವ ದೊಡ್ಡ ನೊಣಗಳು ಬೇರೆ. ಅವು ಕಚ್ಚಿ ನಿದ್ದೆರೋಗ ಹತ್ತಿದವರು ಕೂತಲ್ಲೇ ತೂಕಡಿಸುತ್ತ ಸಾಯುತ್ತಾರೆ ಅಂತ ಮಾತಿತ್ತು. ಊರು ಬಿಟ್ಟು ಆಚೆ ಹೋಗಬೇಕಾದರೆ ಆಫೀಸಿನ ಚೀಟಿ ಬೇಕು. ಚೀಟಿ ಸಿಗುವಷ್ಟರಲ್ಲಿ ಹೋಗಬೇಕಾದ ಕೆಲಸವೇ ಮುಗಿದಿರುತ್ತಿತ್ತು. ಎರಡನೇ ತಿಂಗಳು ಸಿಂದಾಯಿಗಾಯನನ್ನು ರಸ್ತೆ ಕೆಲಸಕ್ಕೆ ಹಾಕಿದರು. ಸೋಮವಾರ ಹೋದರೆ ಶನಿವಾರ ಬರುತ್ತಿದ್ದ. ವಾರವೆಲ್ಲ ಆ ಕೊನೇ ಮನೆಯಲ್ಲಿ ದೊಮಿತಿಲಾ ಮತ್ತು ಎರಡು ಮಕ್ಕಳು.

ಎದುರಿಗೆ, ದಾರಿಯ ಆ ಬದಿಯ ಕೊನೇ ಗೂಟ ನ್ಯಾಬೆಂಡಾ ಅಜ್ಜಿಯದು. ಒಂಟಿ ಮುದುಕಿ. ಲಾರಿಯಿಂದ ಇಳಿದದ್ದೂ ಒಬ್ಬಳೇ. ಬುರುಂಡಿಯಲ್ಲಿ ಸರೋವರದ ದಡದ ಕಡೆಯವಳು, ಅವಳ ಮಾತಿನ ಎಳೆತವೇ ಬೇರೆ. ಯಾರ ಹತ್ತಿರವೂ ಹೆಚ್ಚು ಮಾತಿಲ್ಲ. ಮರಗಳ ಬುಡಕ್ಕೆ ಬೆಂಕಿ ಇಟ್ಟು, ಅವು ತಾವೇ ಸುಟ್ಟು ಬೀಳುವ ತನಕ ಕಾದು, ಗಂಡಸರು ಕಡಿದಷ್ಟೇ ಜಾಗ ತಾನೂ ತೆರವು ಮಾಡಿಕೊಂಡಿದ್ದಳು. ಗೋದೆ ಅವಳ ಹತ್ತಿರ ಹೋಗಿ ಹುರುಳಿ ಸುಲಿಯುತ್ತ ಕೂರುತ್ತಿದ್ದಳು. ಅಜ್ಜಿ ಒಂದು ಹಿಡಿ ಕೊಟ್ಟು ಕಳಿಸುತ್ತಿದ್ದಳು. ದೊಮಿತಿಲಾಗೆ ಅದರಲ್ಲಿ ತಕರಾರೇನೂ ಇರಲಿಲ್ಲ. ಆದರೆ ಒಂದೇ ಒಂದು ವಿಷಯಕ್ಕೆ ಅವಳ ಮೈ ಜುಮ್ಮೆನ್ನುತ್ತಿತ್ತು. ಹೊತ್ತು ಮುಳುಗುವ ವೇಳೆಗೆ ಅಜ್ಜಿ ಗುಡಿಸಲ ಹಿಂದೆ ಹೋಗಿ, ಕಾಡಿಗೆ ಮುಖ ಮಾಡಿ ನಿಂತು, ಸಣ್ಣ ದನಿಯಲ್ಲಿ ಕರೆಯುತ್ತಿದ್ದಳು. ಪೂರ್ತಿ ಕೇಳುತ್ತಿರಲಿಲ್ಲ. "ಬನ್ನಿ... ಬನ್ನಿ... ಕತ್ತಲಾಯ್ತು, ಉಣ್ಣೋಕೆ ಬನ್ನಿ" ಅನ್ನುವುದಷ್ಟೇ ಕೇಳುತ್ತಿತ್ತು. ಕಾಡಿನಿಂದ ಯಾರು ಉಣ್ಣೋಕೆ ಬರಬೇಕು?

ಜುಲೈ ತಿಂಗಳಲ್ಲಿ, ಹುಲ್ಲು ಒಣಗಿ ಹಳದಿಯಾದ ಮೇಲೆ, ಸಿಂಹದ ಹೆಜ್ಜೆ ಕಾಣಿಸಿತು. ಹಳ್ಳದ ದಾರಿಯ ಬೂದಿಮಣ್ಣಿನಲ್ಲಿ, ಅಂಗೈ ಅಗಲಿಸಿ ಊರಿದಷ್ಟು ದೊಡ್ಡದು. ಮೂರು ದಿನದ ಮೇಲೆ, ಮಾಡಿಗೆ ಹೊದಿಸುವ ಹುಲ್ಲು ಕೊಯ್ಯಲು ಹೋದ ಗಾಹುಂಗು ಅನ್ನುವವನು ಮನೆಗೆ ಬರಲಿಲ್ಲ. ಹುಡುಕಿ ಹೋದವರು ಅವನ ಕುಡುಗೋಲು ತಂದರು, ಒಂದು ಚಪ್ಪಲಿ ತಂದರು. ಉಳಿದದ್ದನ್ನು ಗೋಣಿಯಲ್ಲಿ ತಂದು, ಬಿಚ್ಚದೆ ಹೂಳಿದರು.

ಅಂದಿನಿಂದ ಹೆಂಗಸರು ಹತ್ತು ಹನ್ನೆರಡು ಜನ ಕೂಡಿ, ತಗಡು ಬಡಿದುಕೊಂಡು ನೀರಿಗೆ ಹೋಗತೊಡಗಿದರು. ಊರಿನ ಅಧ್ಯಕ್ಷ ಮಿನಾನಿ ಆಫೀಸಿಗೆ ಹೋಗಿ ಬಂದ. "ಬಂದೂಕಿನವನನ್ನ ಕಳಿಸ್ತಾರಂತೆ," ಅಂದ. "ಜಿಲ್ಲೆಯಿಂದ ಬರಬೇಕು. ಕಾಗದ ಹೋಗಿದೆ."

"ಕಾಗದ ಸಿಂಹಕ್ಕೂ ಒಂದು ಬರೀರಿ ಅನ್ನಬೇಕಿತ್ತು," ಅಂದ ಯಾರೋ. "ಬಂದೂಕಿನವನು ಬರೋ ತನಕ ಹಸಿವು ತಡ್ಕೋಪ್ಪಾ ಅಂತ." ನಕ್ಕವರು ಇಬ್ಬರೋ ಮೂವರೋ.

ನಿರಾಶ್ರಿತರು ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ. ಬಿಟ್ಟು ಹೋಗುವ ಹಾಗೂ ಇಲ್ಲ. ದೊಮಿತಿಲಾ ಸಂಜೆ ಐದಕ್ಕೇ ಬಾಗಿಲಿಗೆ ದಿಮ್ಮಿ ಕೊಟ್ಟು, ಮಕ್ಕಳನ್ನು ಮೈಗೆ ಒತ್ತಿಕೊಂಡು ಕೂತರೆ ಬೆಳಗಿನ ತನಕ ಮೈಯೆಲ್ಲ ಕಿವಿ. ಕೂಸು ಕೆಮ್ಮಿದರೂ ಬಾಯಿ ಮುಚ್ಚುತ್ತಿದ್ದಳು. ಇಷ್ಟೆಲ್ಲ ಆದರೂ ಎದುರು ಮನೆಯ ಅಜ್ಜಿ ಮಾತ್ರ ಹಿತ್ತಿಲಿಗೆ ಹೋಗುವುದು ಬಿಡಲಿಲ್ಲ. "ಬನ್ನಿ... ಉಣ್ಣೋಕೆ ಬನ್ನಿ..."

ಹಳ್ಳದ ಹತ್ತಿರ ಒಂದು ಬೆಳಿಗ್ಗೆ ಆ ಮಾತು ದೊಮಿತಿಲಾಳ ಬಾಯಿಂದ ಬಂದೇ ಬಂತು. ನಾಲ್ಕನೇ ಸಾಲಿನ ಸ್ಪೆಸಿಯೋಜ, ಅವಳ ತಂಗಿ ಲೆಯೊಕಾದಿ, ಇನ್ನೂ ಐದಾರು ಹೆಂಗಸರು ಬಕೆಟ್ಟು ತುಂಬಿಸುತ್ತಿದ್ದರು. ಸ್ಪೆಸಿಯೋಜ ದೊಡ್ಡ ದನಿಯವಳು. ಅವಳು ಒಪ್ಪಿದರೆ ಊರೇ ಒಪ್ಪಿದ ಹಾಗೆ.

"ನೀನು ಕಾಡಿನ ಬಾಯಲ್ಲೇ ಇದೀಯಲ್ಲ ದೊಮಿತಿಲಾ," ಅಂದಳು ಸ್ಪೆಸಿಯೋಜ. "ನಿನಗೇನೂ ಕೇಳ್ಸಲ್ವಾ?"

"ಸಿಂಹ ಕೇಳ್ಸಲ್ಲ ಅಕ್ಕ. ಆ ಅಜ್ಜಿ ಕೇಳ್ಸುತ್ತೆ," ಅಂದಳು ದೊಮಿತಿಲಾ. "ದಿನಾ ಸಂಜೆ ಕಾಡಿನ ಕಡೆ ತಿರುಗಿ ಕರೀತಾಳೆ. ಉಣ್ಣೋಕೆ ಬನ್ನಿ ಅಂತ."

ಬಕೆಟ್ಟುಗಳ ಸದ್ದು ನಿಂತಿತು.

"ಯಾರನ್ನ?" ಅಂದಳು ಲೆಯೊಕಾದಿ.

"ನನಗೇನು ಗೊತ್ತು? ಅಲ್ಲಿ ಮನುಷ್ಯರಂತೂ ಇಲ್ಲ."

ಹೇಳಿದ ಮೇಲೆ ಎದೆಯ ಭಾರ ಸ್ವಲ್ಪ ಇಳಿದಂತೆ ಅನ್ನಿಸಿತು. ಅಂದು ಎಲ್ಲರೂ ಅವಳನ್ನು ನಡುವೆ ಹಾಕಿಕೊಂಡು ಊರಿಗೆ ಕರೆತಂದರು. ಲೆಯೊಕಾದಿ ಅವಳ ಬಕೆಟ್ಟನ್ನು ಸ್ವಲ್ಪ ದೂರ ತಾನೇ ಹೊತ್ತಳು. ಸಂಜೆಯೊಳಗೆ ಮಾತು ಆರೂ ಸಾಲು ಸುತ್ತಿ ಬಂತು, ಸುತ್ತುತ್ತ ಬೆಳೆಯಿತು. ಅಜ್ಜಿ ಕರೆದರೆ ಸಿಂಹ ಬರುತ್ತದಂತೆ. ಅಜ್ಜಿಯ ಗುಡಿಸಲಿಗೆ ಮುಳ್ಳುಬೇಲಿ ಇಲ್ಲ, ಆದರೂ ಅವಳ ಕೋಳಿ ಕೂಡ ಹೋಗಿಲ್ಲವಂತೆ. ಸರೋವರದ ಕಡೆಯವರಿಗೆ ಅಂಥ ವಿದ್ಯೆ ಬರುತ್ತದಂತೆ.

ಐದು ದಿನದ ಮೇಲೆ, ಮಟಮಟ ಮಧ್ಯಾಹ್ನ, ಹುರುಳಿ ಹೊಲದಲ್ಲಿ ಬಗ್ಗಿ ಕಳೆ ಕೀಳುತ್ತಿದ್ದ ಲೆಯೊಕಾದಿಯನ್ನು ಸಿಂಹ ಎಳೆದುಕೊಂಡು ಹೋಯಿತು. ಅವಳ ಕೂಗು ಕೇಳಿದವರು ಓಡುವಷ್ಟರಲ್ಲಿ ಹುಲ್ಲು ಅಲ್ಲಾಡುವುದೂ ನಿಂತಿತ್ತು. ಸ್ಪೆಸಿಯೋಜ ಕೈಯಲ್ಲಿ ತಂಗಿಯ ತಲೆಬಟ್ಟೆ ಹಿಡಿದುಕೊಂಡು ದಾರಿಯ ನಡುವೆ ಕೂತುಬಿಟ್ಟಳು. ಅಳಲಿಲ್ಲ. ಅಳುವುದಕ್ಕಿಂತ ಅದು ಕೆಟ್ಟದಾಗಿತ್ತು.

ಮರುದಿನ ಮೂರು ಗಂಟೆಯ ಸುಮಾರಿಗೆ ದೊಮಿತಿಲಾ ಅಂಗಳದಲ್ಲಿ ಹಿಟ್ಟು ಜರಡಿ ಆಡುತ್ತಿದ್ದಳು. ದಾರಿಯ ಆ ತುದಿಯಲ್ಲಿ ಜನ ಕಂಡರು. ಮೂವತ್ತು ನಲವತ್ತು ಮಂದಿ. ಮುಂದೆ ಸ್ಪೆಸಿಯೋಜ, ಹಿಂದೆ ಗಂಡಸರು, ಕೈಯಲ್ಲಿ ಮಚ್ಚು, ಒಬ್ಬನ ಕೈಯಲ್ಲಿ ಹೊಗೆಯಾಡುವ ಕೊಳ್ಳಿ. ಯಾರೂ ಮಾತಾಡುತ್ತಿರಲಿಲ್ಲ. ಬರಿಗಾಲು ಒಣಮಣ್ಣಿಗೆ ತಾಕುವ ಸದ್ದಷ್ಟೇ. ಅವಳ ಕೈಯ ಜರಡಿ ಕೆಳಗೆ ಬಿತ್ತು. ಎಲ್ಲಿಗೆ ಹೊರಟಿದ್ದಾರೆ ಅಂತ ಯಾರೂ ಹೇಳಬೇಕಾಗಿರಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೋ, ನಿನಗ್ಯಾಕೆ ಅಂತ ಮೈಯೆಲ್ಲ ಹೇಳಿತು. ಕೂಸನ್ನು ಎತ್ತಿಕೊಂಡಳು. ಗೋದೆಯನ್ನು ಕರೆಯಲು ತಿರುಗಿದಳು. ಗೋದೆ ಇರಲಿಲ್ಲ.

ಹೋಗಬೇಡ ಅಂದಿದ್ದರೂ ಗೋದೆ ಎದುರು ಮನೆಯಲ್ಲಿ ಹುರುಳಿ ಸುಲಿಯುತ್ತಿದ್ದಳು.

ಆ ದಾರಿ ಇಪ್ಪತ್ತು ಹೆಜ್ಜೆ. ದಾಟಿದ್ದು ಹೇಗೆ ಅಂತ ದೊಮಿತಿಲಾಗೆ ಆಮೇಲೆ ನೆನಪಿಗೆ ಬರಲಿಲ್ಲ. ಮಗಳನ್ನು ಕರೆದುಕೊಂಡು ಹೊರಗೆ ಬಂದುಬಿಡಬೇಕು ಅನ್ನುವುದಷ್ಟೇ ಅವಳ ಲೆಕ್ಕ. ಆದರೆ ಅವಳು ಗುಡಿಸಲು ಹೊಕ್ಕು ಗೋದೆಯ ತೋಳು ಹಿಡಿಯುವಷ್ಟರಲ್ಲಿ ಜನ ಅಂಗಳ ತುಂಬಿದರು. ಆ ಮುಖಗಳ ನಡುವೆ ಮಗುವನ್ನು ಹಿಡಿದು ನಡೆಯಲು ಧೈರ್ಯ ಸಾಲಲಿಲ್ಲ. ಬಾಗಿಲು ಎಳೆದು ದಿಮ್ಮಿ ಕೊಟ್ಟಳು.

"ಏನಾಯ್ತು ಮಗಳೇ?" ಅಂದಳು ನ್ಯಾಬೆಂಡಾ ಅಜ್ಜಿ, ಮಡಿಲಿನ ಹುರುಳಿ ಬುಟ್ಟಿ ಕೆಳಗಿಡುತ್ತ. "ಸಿಂಹ ಬಂತಾ?"

ದೊಮಿತಿಲಾ ಗೋದೆಯನ್ನು ಬಾಗಿಲಿಂದ ಹಿಂದಕ್ಕೆ ಎಳೆದುಕೊಂಡಳು. ಹೊರಗಿನಿಂದ ಸ್ಪೆಸಿಯೋಜಳ ದನಿ ಬಂತು. "ಮುದುಕಿ, ಹೊರಗೆ ಬಾ. ನೀನು ಸಾಕಿದ ಪ್ರಾಣಿ ನಿನ್ನೆ ಉಂಡು ಹೋಯ್ತು. ಹೊಟ್ಟೆ ತುಂಬ್ತಾ ಕೇಳಿ ಹೇಳು ಬಾ."

ಅಜ್ಜಿಯ ಮುಖ ನೋಡುನೋಡುತ್ತ ಬೂದಿಯ ಹಾಗಾಯಿತು. ಅವಳಿಗೂ ಅರ್ಥವಾಯಿತು. ಅವಳು ಗೋಡೆಗೆ ಒತ್ತಿಕೊಂಡು, ಎರಡೂ ಕೈಯಲ್ಲಿ ಮೊಣಕಾಲು ಅಪ್ಪಿಕೊಂಡು ಕೂತಳು. ಅಷ್ಟು ದೊಡ್ಡ ಮರಗಳನ್ನು ಒಬ್ಬಳೇ ಉರುಳಿಸಿದ ಹೆಂಗಸು ಗೋದೆಗಿಂತ ಚಿಕ್ಕವಳಾಗಿ ಕಂಡಳು.

"ಅಜ್ಜಿ," ಅಂದಳು ದೊಮಿತಿಲಾ ಪಿಸುಗುಟ್ಟಿ. "ಸಂಜೆ ನೀನು ಕರೀತೀಯಲ್ಲ, ಯಾರನ್ನ?"

"ನನ್ನ ಮಕ್ಕಳನ್ನ," ಅಂದಳು ಅಜ್ಜಿ. "ಬುಕುರು, ಬುಟೋಯಿ ಅವಳಿಜವಳಿ. ಅವರ ಬೆನ್ನಿಗೆ ಹುಟ್ಟಿದವನು ಚೀಜಾ. ಸೈನಿಕರು ಬಂದಾಗ ನಾನು ಸರೋವರಕ್ಕೆ ಮೀನು ತರೋಕೆ ಹೋಗಿದ್ದೆ. ವಾಪಸು ಬಂದಾಗ ಮನೆ ಉರೀತಿತ್ತು. ಮಕ್ಕಳು ಹಿಂದಿನ ಕಾಡಿಗೆ ಓಡಿದ್ದಾರೆ ಅಂತ ಯಾರೋ ಹೇಳಿದ್ರು. ಎರಡು ದಿನ ಅಲ್ಲೇ ನಿಂತು ಕರೆದೆ. ಬರಲಿಲ್ಲ. ಈಗ್ಲೂ ಆ ಹೊತ್ತಾಗ್ತಿದ್ದ ಹಾಗೆ ಬಾಯಿ ತಾನಾಗೇ ಕರೆಯುತ್ತೆ. ಯಾರಿಗೂ ಕೇಳ್ಸಲ್ಲ ಅಂದ್ಕೊಂಡಿದ್ದೆ," ಅಂದಳು.

ಅವರ ಸೀಮೆಯಲ್ಲಿ ಬುಕುರು, ಬುಟೋಯಿ ಅನ್ನುವ ಹೆಸರು ಅವಳಿಗಳಿಗೆ ಮಾತ್ರ ಇಡುವಂಥದ್ದು.

"ನಾವು ಬಾಗಿಲು ಮುರೀತೀವಿ," ಅಂದ ಹೊರಗಿನಿಂದ ಒಬ್ಬ ಗಂಡಸು.

"ಮುರಿಯೋದ್ಯಾಕೆ, ಮಾಡು ಹುಲ್ಲಿನದಲ್ವಾ?" ಅಂದ ಇನ್ನೊಬ್ಬ. ಗೋಡೆಯ ಕಿಂಡಿಯಲ್ಲಿ ಹೊಗೆಯ ವಾಸನೆ ಬಂತು. ಗೋದೆ ಅಮ್ಮನ ಸೊಂಟಕ್ಕೆ ಮುಖ ಒತ್ತಿ ಅಳತೊಡಗಿದಳು. ಕಂಕುಳಿನ ಕೂಸೂ ಕಿರುಚಿತು.

"ಒಳಗೆ ಮಕ್ಕಳಿದ್ದಾರೆ," ಅಂತ ದೊಮಿತಿಲಾ ಕೂಗಿದಳು. ದನಿ ಸೀಳಿ ಬಂತು. "ನಾನು ದೊಮಿತಿಲಾ. ನನ್ನ ಮಕ್ಕಳಿದ್ದಾರೆ."

ಮಾಡಿನ ಹತ್ತಿರ ಬಂದಿದ್ದ ಹೆಜ್ಜೆಗಳು ನಿಂತವು.

"ನೀನ್ಯಾಕೆ ಅಲ್ಲಿದೀಯ?" ಅಂದಳು ಸ್ಪೆಸಿಯೋಜ. "ನೀನೇ ತಾನೆ ಹೇಳಿದ್ದು? ಹಳ್ಳದ ಹತ್ತಿರ ನನ್ನ ತಂಗಿ ಮುಂದೆ ಹೇಳಿದೆ. ಕರೀತಾಳೆ ಅಂತ. ಈಗ ಒಳಗೆ ಸೇರ್ಕೊಂಡಿದೀಯಾ? ನೀನೂ ಅವಳ ಜೊತೆಗಾರ್ತೀನಾ?"

ಅಜ್ಜಿ ತಲೆ ಎತ್ತಿ ದೊಮಿತಿಲಾಳನ್ನು ನೋಡಿದಳು.

ದೊಮಿತಿಲಾ ಬಾಗಿಲ ದಿಮ್ಮಿ ಹಿಡಿದು ನಿಂತಳು. ಇಲ್ಲ ಅನ್ನಬಹುದಿತ್ತು, ನೀನು ತಪ್ಪು ಕೇಳಿಸಿಕೊಂಡೆ ಅನ್ನಬಹುದಿತ್ತು. "ಹೌದು ಅಕ್ಕ, ನಾನೇ ಹೇಳಿದ್ದು," ಅಂದಳು. "ಹೆದರಿಕೊಂಡು ಹೇಳ್ದೆ. ಅರ್ಧ ಕೇಳಿ ಹೇಳ್ದೆ. ಅವಳು ಕರಿಯೋದು ಸತ್ತ ಮಕ್ಕಳನ್ನ. ಬುಕುರು, ಬುಟೋಯಿ, ಚೀಜಾ ಅಂತ. ಸಿಂಹಕ್ಕೆ ಯಾರಾದ್ರೂ ಅವಳಿಜವಳಿ ಹೆಸರಿಡ್ತಾರಾ ಅಕ್ಕ?"

"ಸುಳ್ಳು," ಅಂದ ಒಬ್ಬ.

"ಸುಳ್ಳೋ ನಿಜವೋ, ಮಕ್ಕಳನ್ನ ಕರ್ಕೊಂಡು ಆಚೆ ಬಾ, ಅವಳನ್ನ ನಮಗೆ ಬಿಡು," ಅಂದ ಮತ್ತೊಬ್ಬ. "ನಿನಗೇನೂ ಮಾಡಲ್ಲ."

ಅವಳು ದಿಮ್ಮಿ ತೆಗೆಯಲಿಲ್ಲ. ಅದು ಧೈರ್ಯ ಅಂತ ಆಮೇಲೆ ಯಾರೋ ಅಂದಾಗ ಅವಳಿಗೆ ನಾಚಿಕೆಯಾಯಿತು. ಬಾಗಿಲು ತೆಗೆದ ಗಳಿಗೆಯೇ ಎಲ್ಲರನ್ನೂ ಕಡಿಯುತ್ತಾರೆ ಅಂತ ಅವಳಿಗೆ ಖಾತ್ರಿಯಾಗಿತ್ತು. ಆಚೆ ಇದ್ದವರು ಹುರುಳಿ ಬೀಜ ಹಂಚಿಕೊಂಡ ನೆರೆಯವರು, ಹಳ್ಳದ ದಾರಿಯಲ್ಲಿ ಕೈ ಹಿಡಿದು ನಡೆದವರು. ಆದರೂ ಸ್ಪೆಸಿಯೋಜಳದು ಬಿಟ್ಟರೆ ಆ ದನಿಗಳಲ್ಲಿ ಒಂದೂ ಅವಳಿಗೆ ಗುರುತು ಹತ್ತಲಿಲ್ಲ.

ಅಷ್ಟರಲ್ಲಿ ಅಧ್ಯಕ್ಷ ಮಿನಾನಿ ಏದುಸಿರು ಬಿಡುತ್ತ ಓಡಿ ಬಂದ. ಒಳಗಿನವರಿಗೆ ಅವನ ಕೆಮ್ಮು ಮೊದಲು ಕೇಳಿಸಿತು, ಆಮೇಲೆ ಮಾತು. ಅವನು ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ.

"ಸುಡ್ತೀರಾ? ಸುಡಿ," ಅಂದ. "ನಾಳೆ ಆಫೀಸಿನವರು ಬರ್ತಾರೆ. ಸುಟ್ಟ ಹೆಣ ನೋಡ್ತಾರೆ. ಯಾರು ಮಾಡಿದ್ದು ಅಂತ ಕೇಳ್ತಾರೆ. ಯಾರೂ ಹೇಳದೆ ಇದ್ರೆ ಇಡೀ ಊರಿಗೆ ಲಾರಿ ಕಳಿಸ್ತಾರೆ. ಆ ಲಾರಿ ಎಲ್ಲಿಗೆ ಹೋಗುತ್ತೆ ಅಂತ ನಾನು ಹೇಳಬೇಕಾ? ಹೊಳೆ ಆಚೆಗೆ. ಗಡಿ ದಾಟಿಸಿ ಇಳಿಸ್ತಾರೆ. ಅಲ್ಲಿ ನಿಮ್ಮ ಹೆಸರು ಇನ್ನೂ ಪಟ್ಟೀಲಿದೆ."

ಮಿನಾನಿ ಗುಂಪಿನ ನಡುವೆ ನಡೆದು ಬಂದ ಸದ್ದಾಯಿತು.

"ಕೊಳ್ಳಿ ಯಾರ ಕೈಯಲ್ಲಿದೆ? ನಿನ್ನದಾ? ಸರಿ, ನಿನ್ನ ಹೆಸರು ಬರ್ಕೋತೀನಿ."

ಕೊಳ್ಳಿಯನ್ನು ಮಣ್ಣಿಗೆ ಒತ್ತಿ ನಂದಿಸಿದ ಸದ್ದು ಕೇಳಿಸಿತು. ಒಬ್ಬೊಬ್ಬರಾಗಿ ಹೆಜ್ಜೆಗಳು ದೂರವಾದವು. ಸಿಂಹದ ಹೆದರಿಕೆ ಎಳೆದು ತಂದವರನ್ನು ಲಾರಿಯ ಹೆದರಿಕೆ ವಾಪಸು ಎಳೆದುಕೊಂಡು ಹೋಯಿತು. ಕೊನೆಗೆ ಅಂಗಳದಲ್ಲಿ ಉಳಿದವಳು ಸ್ಪೆಸಿಯೋಜ ಒಬ್ಬಳೇ. ಆಗ ಅವಳು ಅತ್ತಳು. ಮಿನಾನಿ ಅವಳ ಭುಜ ಹಿಡಿದು ನಡೆಸಿಕೊಂಡು ಹೋದ.

ನಾಲ್ಕು ದಿನದ ಮೇಲೆ ಬಂದೂಕಿನವನು ಬಂದ. ಮುದುಕ, ಒಂದು ಕಣ್ಣು ಮಸುಕು. ಇವನೇನು ಹೊಡೀತಾನೆ ಅಂತ ಜನ ಅಂದುಕೊಂಡರು. ಹುರುಳಿ ಹೊಲದ ಅಂಚಿನಲ್ಲಿ ಅಟ್ಟಣೆ ಕಟ್ಟಿಸಿ, ಕೆಳಗೆ ಆಡು ಕಟ್ಟಿ ಕೂತ. ಎರಡನೇ ಬೆಳಿಗ್ಗೆ ಎರಡು ಗುಂಡಿನ ಸದ್ದು ಕೇಳಿತು. ಸತ್ತದ್ದು ಮುದಿ ಹೆಣ್ಣುಸಿಂಹ. ಪಕ್ಕೆಲುಬು ಎಣಿಸುವ ಹಾಗಿತ್ತು, ಕೋರೆಹಲ್ಲು ಮುರಿದಿತ್ತು, ದವಡೆಯಲ್ಲಿ ಮುಳ್ಳುಹಂದಿಯ ಮುಳ್ಳು ಹೂತು ಕೀವಾಗಿತ್ತು. "ಓಡೋ ಪ್ರಾಣಿ ಹಿಡಿಯೋಕೆ ಕೈಲಾಗದೆ ನಿಮ್ಮ ಕಡೆ ಬಂದಿದೆ," ಅಂದ ಅವನು. ಜನ ಸುತ್ತ ನಿಂತು ನೋಡಿದರು. ಸ್ಪೆಸಿಯೋಜ ಹತ್ತಿರ ಹೋಗಿ ಬಹಳ ಹೊತ್ತು ನೋಡಿದಳು. ಆಮೇಲೆ ಯಾರ ಮುಖವನ್ನೂ ನೋಡದೆ ಮನೆಗೆ ಹೋದಳು.

ನ್ಯಾಬೆಂಡಾ ಅಜ್ಜಿಯ ಹತ್ತಿರ ತಪ್ಪಾಯಿತು ಅಂತ ಹೇಳಲು ಯಾರೂ ಹೋಗಲಿಲ್ಲ. ದೊಮಿತಿಲಾ ಹೋದಳು. ಎರಡು ಸಲ ಅಂಗಳದ ತನಕ ಹೋಗಿ ಹಿಂತಿರುಗಿದಳು. ಮೂರನೇ ಸಲ ಹೋದಾಗ ಅಜ್ಜಿ ಗಂಟು ಕಟ್ಟುತ್ತಿದ್ದಳು. ಎರಡನೇ ಊರಿಗೆ ಕಳಿಸಿ ಅಂತ ಮಿನಾನಿಯನ್ನು ಕೇಳಿಕೊಂಡಿದ್ದಳಂತೆ, ರೇಷನ್ ಲಾರಿ ವಾಪಸು ಹೋಗುವಾಗ ಕರೆದೊಯ್ಯಲು ಒಪ್ಪಿದ್ದರಂತೆ.

"ಇಷ್ಟು ಕಷ್ಟಪಟ್ಟು ಹೊಲ ಮಾಡಿದೀಯ ಅಜ್ಜಿ," ಅಂದಳು ದೊಮಿತಿಲಾ. "ಮಳೆ ಬರೋ ಹೊತ್ತು. ಹೋಗಬೇಡ. ಇನ್ನು ಯಾರೂ ಏನೂ ಅನ್ನಲ್ಲ."

"ನಿನ್ನ ಮೇಲೆ ಸಿಟ್ಟಿಲ್ಲ ಮಗಳೇ," ಅಂದಳು ಅಜ್ಜಿ, ಗಂಟಿನ ಹಗ್ಗ ಹಲ್ಲಲ್ಲಿ ಕಚ್ಚಿ ಬಿಗಿಯುತ್ತ. "ಬಾಗಿಲು ಹಾಕಿ ನನ್ನ ಉಳಿಸಿದ್ದೂ ನೀನೇ. ಆದ್ರೆ ನಿನ್ನ ಎದುರಿಗೆ ಇರೋಕೆ ನನಗೆ ಭಯ ಆಗುತ್ತೆ."

ದೊಮಿತಿಲಾ ಗಂಟನ್ನು ಹೊತ್ತುಕೊಂಡು ಲಾರಿಯ ತನಕ ಹೋದಳು. ಅಜ್ಜಿ ಬೇಡ ಅನ್ನಲಿಲ್ಲ. ಲಾರಿಯ ಹಲಗೆ ಹತ್ತುವಾಗ ಅಜ್ಜಿಗೂ ಕಾಲು ಏಳಲಿಲ್ಲ. ದೊಮಿತಿಲಾ ಸೊಂಟಕ್ಕೆ ಕೈ ಕೊಟ್ಟು ಹತ್ತಿಸಿದಳು.

ಶನಿವಾರ ಬಂದ ಗಂಡನಿಗೆ ಎಲ್ಲ ಹೇಳಿದಳು, ತಾನು ಹಳ್ಳದ ಹತ್ತಿರ ಹೇಳಿದ ಮಾತೂ ಬಿಡದೆ. ಸಿಂದಾಯಿಗಾಯ, "ನಾವೂ ಬೇರೆ ಊರು ಕೇಳೋಣವಾ?" ಅಂದ.

"ಅಲ್ಲಿರೋರೂ ನಮ್ಮ ಹಾಗೇ ಇರ್ತಾರೆ," ಅಂದಳು ಅವಳು.

ಅಕ್ಟೋಬರಿನಲ್ಲಿ ಮಳೆ ಬಂತು. ಜೋಳ ಮೊಣಕಾಲೆತ್ತರ ಎದ್ದಿತು. ಸ್ಪೆಸಿಯೋಜ ಹಳ್ಳದ ಹತ್ತಿರ ಸಿಕ್ಕಾಗ ಮೊದಲೆಲ್ಲ ಮುಖ ತಿರುಗಿಸುತ್ತಿದ್ದಳು. ಒಂದು ದಿನ ದೊಮಿತಿಲಾಳ ಬಕೆಟ್ಟು ಎತ್ತಿ ತಲೆಗೆ ಇಟ್ಟು ಕೊಟ್ಟು, ತನ್ನ ಪಾಡಿಗೆ ಹೋದಳು. ಹೊಲದಲ್ಲಿ ಮೂರು ನಾಲ್ಕು ಜನ ತಲೆ ಕೂಡಿಸಿ ಮಾತಾಡುತ್ತಿದ್ದರೆ ದೊಮಿತಿಲಾಳ ಎದೆ ಡವಡವ ಅನ್ನುತ್ತಿತ್ತು. ಸಿಂಹದ ಹೆಜ್ಜೆ ಕಂಡಾಗಲೂ ಅಷ್ಟು ಅಂದಿರಲಿಲ್ಲ.

ಡಿಸೆಂಬರಿನಲ್ಲಿ ಅಜ್ಜಿಯ ಜಾಗಕ್ಕೆ ಹೊಸ ಸಂಸಾರವನ್ನು ತಂದು ಇಳಿಸಿದರು. ಚಿಕ್ಕ ವಯಸ್ಸಿನ ಹೆಂಗಸು, ಬಸುರಿ. ಗಂಡ ಗೂಡೆ ಇಳಿಸುತ್ತಿದ್ದರೆ ಅವಳು ಮರಗಳನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಕೆಂಡ ಕೇಳಲು ಬಂದಳು.

"ಅಕ್ಕ, ಇಲ್ಲಿ ಸಿಂಹ ಇತ್ತಂತೆ, ಹೌದಾ?" ಅಂದಳು.

"ಇತ್ತು. ಹೊಡೆದ್ರು," ಅಂದಳು ದೊಮಿತಿಲಾ, ಮಡಕೆಚೂರಿಗೆ ಕೆಂಡ ಹಾಕುತ್ತ.

"ನಮ್ಮ ಮನೇಲಿ ಮುಂಚೆ ಯಾರಿದ್ರು?"

"ನ್ಯಾಬೆಂಡಾ ಅಂತ ಒಬ್ಬ ಅಜ್ಜಿ. ಆ ಹೊಲ ಪೂರ್ತಿ ಅವಳೇ ಮಾಡಿದ್ದು. ನಾನು ಅವಳ ಮೇಲೆ ಒಂದು ಮಾತು ಆಡಿದೆ, ಅದಕ್ಕೇ ಹೋದಳು. ಒಂದಿನ ಕೂತು ಹೇಳ್ತೀನಿ."

ಹೊಸ ಹೆಂಗಸು ತಿರುಗಿ ಆ ಹೊಲವನ್ನು ನೋಡಿದಳು. ಸೂರ್ಯ ಪಡುವಣಕ್ಕೆ ವಾಲತೊಡಗಿದ್ದ. ದೊಮಿತಿಲಾ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು, ಬಕೆಟ್ಟು ಎತ್ತಿಕೊಂಡಳು. "ಕೆಂಡ ಇಟ್ಟು ಬಾ," ಅಂದಳು. "ಬೆಳಕಿರುವಾಗಲೇ ಇಬ್ಬರೂ ಹೋಗಿ ನೀರು ತಂದುಬಿಡೋಣ."